ಶ್ರೀಗಂಧದೆಣ್ಣೆ: ಮೂಲ ಮತ್ತು ಬಳಕೆ

ಶ್ರೀಗಂಧದ ಮರದ ಚೇಗು ಹಾಗೂ ಬೇರನ್ನು ಪುಡಿಮಾಡಿ, ಹಬೆಯ ಮೂಲಕ ಭಟ್ಟಿ ಇಳಿಸಿ ಪಡೆಯುವ ತೈಲವೇ ಶ್ರೀಗಂಧದೆಣ್ಣೆ. ಇದರ ಪರಿಮಳಕ್ಕೆ ಸ್ಯಾಂಟಲಾಲ್ ಎಂಬ ಅಂಶ ಮುಖ್ಯ ಕಾರಣ. ಚೇಗನ್ನು ಸುತ್ತುವರಿದ ಬಿಳಿ ಭಾಗದಲ್ಲಿ ಪರಿಮಳವಿರುವುದಿಲ್ಲ. ಚೇಗು ಬಲಿಯಲು ಹಲವು ವರ್ಷಗಳೇ ಬೇಕು.

ಹಿಂದೆ ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ಕುಸಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ತೆಗೆಯುವ ಪ್ರಯೋಗಗಳು ನಡೆದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಹಾಗೂ ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರವೇ ತೈಲೋದ್ಯಮಕ್ಕೆ ಕೈಹಾಕಿತು. ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿದ್ದೂ ಈ ಎಣ್ಣೆಯಿಂದಲೇ. 1944ರಲ್ಲಿ ಶಿವಮೊಗ್ಗದಲ್ಲೂ ತೈಲ ಕಾರ್ಖಾನೆ ಆರಂಭವಾಯಿತು.

ಸಾಬೂನು, ಅಗರಬತ್ತಿ, ಸುಗಂಧದ್ರವ್ಯಗಳಲ್ಲದೆ ಅತ್ತರು ತಯಾರಿಕೆಗೂ ಇದು ಬೇಕು. ಗುಲಾಬಿ, ಮಲ್ಲಿಗೆಯ ಪರಿಮಳವನ್ನು ಹೀರಿ ಬಹುಕಾಲ ಹಿಡಿದಿಡುವ ಗುಣ ಇದಕ್ಕಿದೆ.

ಖಾಸಗಿ ಜಮೀನಿನ ಗಂಧದ ಮರವೂ ಸರ್ಕಾರದ ಸ್ವತ್ತೆಂಬ ನಿಯಮ ದೀರ್ಘಕಾಲ ಜಾರಿಯಲ್ಲಿತ್ತು. ಹೀಗಾಗಿ ಬೆಳೆಸುವವರಿಗೆ ಉತ್ಸಾಹವಿರಲಿಲ್ಲ. ಕಾಡಿನ ಮರಗಳು ಕಳ್ಳರ ಪಾಲಾದವು. 2001ರ ಕಾಯ್ದೆ ತಿದ್ದುಪಡಿ ಜಮೀನಿನ ಒಡೆಯನಿಗೇ ಮರದ ಹಕ್ಕು ನೀಡಿತು. ಚೇಗು ಬಲಿಯುವವರೆಗೂ ಮರವನ್ನು ಕಳ್ಳರಿಂದ ಕಾಯುವುದೇ ಈಗ ಬೆಳೆಗಾರರ ದೊಡ್ಡ ಚಿಂತೆ.