ಲೈಕಾ ಎಂಬ ಹೆಸರು, ಖಾರ್ಕಿವ್‌ನ ಹುಟ್ಟು

ಅಜ್ಜನ ಕಪಾಟಿನಲ್ಲಿ, ಬಿರುಕುಬಿಟ್ಟ ಚರ್ಮದ ಚೀಲದೊಳಗೆ ಹಳೆಯ ಕ್ಯಾಮೆರಾ ಸಿಕ್ಕಾಗ ಮನೆಯವರ ಕಣ್ಣು ಮೊದಲು ಹೋಗುವುದು ಅದರ ನೆತ್ತಿಯ ಮೇಲಿನ ಹೆಸರಿಗೆ. ಅಲ್ಲಿ ‘ಲೈಕಾ’ ಎಂದಿದ್ದರೆ ಆಸೆ ಚಿಗುರುತ್ತದೆ. ಆಸೆಪಡಲು ಕಾರಣವೂ ಇದೆ. ಲೈಕಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ 105ನೇ ನಂಬರಿನ ಕ್ಯಾಮೆರಾ 2022ರ ಹರಾಜಿನಲ್ಲಿ 1.44 ಕೋಟಿ ಯೂರೊಗೆ ಮಾರಾಟವಾಯಿತು. ಹೆಸರಿಗೆ ಇಷ್ಟು ಬೆಲೆ ಇರುವಲ್ಲಿ ಹೆಸರನ್ನು ಕದಿಯುವವರೂ ಇರುತ್ತಾರೆ. ಲೈಕಾ ಎಂದು ಕೆತ್ತಿಸಿಕೊಂಡ ಎಷ್ಟೋ ಕ್ಯಾಮೆರಾಗಳು ಹುಟ್ಟಿದ್ದು ಜರ್ಮನಿಯಲ್ಲಲ್ಲ, ಸೋವಿಯತ್ ಒಕ್ಕೂಟದಲ್ಲಿ.

ಅಸಲಿ ಲೈಕಾದ ಊರು ಜರ್ಮನಿಯ ವೆಟ್ಸ್‌ಲರ್. ಅಲ್ಲಿನ ಅರ್ನ್‌ಸ್ಟ್ ಲೈಟ್ಸ್ ಕಂಪನಿ ಸೂಕ್ಷ್ಮದರ್ಶಕಗಳಿಗೆ ಹೆಸರಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಬಾರ್ನಾಕ್, ಸಿನಿಮಾಕ್ಕೆ ಬಳಸುವ 35 ಮಿಲಿಮೀಟರ್ ಫಿಲಂ ಹಾಕಿ ಚಿತ್ರ ತೆಗೆಯಬಲ್ಲ ಪುಟ್ಟ ಕ್ಯಾಮೆರಾ ರೂಪಿಸಿದ. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಜನರ ಮುಂದೆ ಬಂತು. ‘ಲೈಟ್ಸ್’ ಮತ್ತು ‘ಕ್ಯಾಮೆರಾ’ ಪದಗಳ ಮೊದಲ ಉಲಿಗಳನ್ನು ಕೂಡಿಸಿ ‘ಲೈಕಾ’ ಎಂಬ ಹೆಸರಾಯಿತು. 1932ರ ಲೈಕಾ ಎರಡನೇ ಮಾದರಿಯಲ್ಲಿ ದೂರ ಅಳೆಯುವ ರೇಂಜ್‌ಫೈಂಡರ್ ಕ್ಯಾಮೆರಾದೊಳಗೇ ಸೇರಿ, ಲೆನ್ಸಿನೊಂದಿಗೆ ಜೋಡಿಯಾಗಿ ಚಲಿಸತೊಡಗಿತು. ಸೋವಿಯತ್ ನಕಲುಗಳಿಗೆ ಮೂಲವಾದದ್ದು ಇದೇ ಮಾದರಿ.

ನಕಲು ತಯಾರಾದದ್ದು ಉಕ್ರೇನಿನ ಖಾರ್ಕಿವ್‌ನಲ್ಲಿ. ಅಂತರ್ಯುದ್ಧ ಮತ್ತು ಬರಗಾಲದಲ್ಲಿ ಬೀದಿಪಾಲಾದ ಮಕ್ಕಳಿಗಾಗಿ 1927ರಲ್ಲಿ ಅಲ್ಲೊಂದು ಕಮ್ಯೂನ್ ಶುರುವಾಗಿತ್ತು. ನಡೆಸುತ್ತಿದ್ದುದು ರಹಸ್ಯ ಪೊಲೀಸ್ ಇಲಾಖೆ. ಹೆಸರಿಟ್ಟದ್ದು ಆ ಇಲಾಖೆಯ ಸ್ಥಾಪಕ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯದು. ಮಕ್ಕಳ ಹೊಣೆ ಹೊತ್ತವನು ಶಿಕ್ಷಣತಜ್ಞ ಆಂಟನ್ ಮಕರೆಂಕೊ. ಅರ್ಧ ದಿನ ಓದು, ಅರ್ಧ ದಿನ ಕಾರ್ಖಾನೆ. ಮೊದಲು ವಿದ್ಯುತ್ ಡ್ರಿಲ್ ತಯಾರಿಸಿದ ಆ ಹುಡುಗ ಹುಡುಗಿಯರು 1934ರಿಂದ ಲೈಕಾದ ನಕಲನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. ಜೆರ್ಜಿನ್‌ಸ್ಕಿಯ ಪೂರ್ಣ ಹೆಸರಿನ ಮೊದಲಕ್ಷರಗಳಿಂದ ಕ್ಯಾಮೆರಾಕ್ಕೆ ‘ಫೆಡ್’ ಎಂದು ಹೆಸರಾಯಿತು. ಆರಂಭದ ಫೆಡ್‌ಗಳ ನೆತ್ತಿಯ ಮೇಲೆ ಕಾರ್ಮಿಕ ಕಮ್ಯೂನಿನ ಹೆಸರನ್ನೂ ಊರಿನ ಹೆಸರನ್ನೂ ಕೆತ್ತುತ್ತಿದ್ದರು. ಅನುಕರಣೆಯಾಗಿದ್ದರೂ ಅದು ತನ್ನ ಹುಟ್ಟನ್ನು ಮುಚ್ಚಿಡಲಿಲ್ಲ.

1941ರಲ್ಲಿ ಜರ್ಮನ್ ಸೇನೆ ಖಾರ್ಕಿವ್ ಹಿಡಿಯುವ ಹೊತ್ತಿಗೆ ಕಾರ್ಖಾನೆಯನ್ನು ಸೈಬೀರಿಯದ ಬೆರ್ದ್‌ಸ್ಕ್‌ಗೆ ಸಾಗಿಸಲಾಗಿತ್ತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಅದೇ ವಿನ್ಯಾಸವನ್ನು ‘ಜೋರ್ಕಿ’ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. ‘ಚುರುಕು ಕಣ್ಣಿನವ’ ಎಂದು ಆ ಪದದ ಅರ್ಥ. ಮೊದಲ ಮಾದರಿಯೇ ಲಕ್ಷಗಟ್ಟಲೆ ಮಾರಾಟವಾಯಿತು.

ಮೋಸಗಾರರಿಗೆ ಬೇಕಾದದ್ದು ಇಂಥ ಅಗ್ಗದ, ಹೇರಳ ಸರಕೇ. ಹಳೆಯ ಹೆಸರು ಉಜ್ಜಿ ತೆಗೆದು ಲೈಕಾ ಲಾಂಛನ ಕೆತ್ತಿದರು. ಕೆಲವಕ್ಕೆ ಚಿನ್ನದ ಬಣ್ಣ ಕೊಟ್ಟರು. ಕೆಲವಕ್ಕೆ 1936ರ ಬರ್ಲಿನ್ ಒಲಿಂಪಿಕ್ಸಿನ ಉಂಗುರಗಳನ್ನೋ ಜರ್ಮನ್ ವಾಯುಪಡೆಯ ಹದ್ದನ್ನೋ ಸೇರಿಸಿದರು. ಒಲಿಂಪಿಕ್ಸ್ ಮುಗಿದು ಹನ್ನೆರಡು ವರ್ಷದ ಮೇಲೆ ಹುಟ್ಟಿದ ಜೋರ್ಕಿಗೂ ಆ ಉಂಗುರ ಬಂತು.

ಅಸಲಿಯೋ ನಕಲಿಯೋ ತಿಳಿಯಲು ಲೆನ್ಸನ್ನು ತಿರುಚಿ ಬಿಚ್ಚಿ ಒಳಗೆ ನೋಡಬೇಕು. ರೇಂಜ್‌ಫೈಂಡರಿಗೆ ಲೆನ್ಸಿನ ಚಲನೆ ಮುಟ್ಟಿಸುವ ತೋಳಿನ ತುದಿಯಲ್ಲಿ ಲೈಕಾಕ್ಕೆ ಪುಟ್ಟ ಉರುಟು ಗಾಲಿ ಇರುತ್ತದೆ. ಫೆಡ್, ಜೋರ್ಕಿಗಳಲ್ಲಿ ಅಲ್ಲಿರುವುದು ಬೆಣೆಯಾಕಾರದ ಲೋಹದ ತುಂಡು. ಲೈಟ್ಸ್‌ನ 50 ಮಿಲಿಮೀಟರ್ ಎಲ್ಮಾರ್ ಲೆನ್ಸಿನಲ್ಲಿ ಬೆಳಕು ಕಿರಿದಾಗಿಸುವ ಎಲೆಗಳು ಮುಂದಿನ ಮೊದಲ ಗಾಜಿನ ಬೆನ್ನಿಗೇ ಇರುತ್ತವೆ. ಸೋವಿಯತ್ ಇಂಡಸ್ಟಾರ್‌ನಲ್ಲಿ ಎರಡನೇ ಗಾಜಿನ ಹಿಂದೆ. ನೆತ್ತಿಯ ನಂಬರನ್ನು ಲೈಟ್ಸ್‌ನ ಪಟ್ಟಿಯೊಂದಿಗೆ ಹೋಲಿಸಿದರೆ ಆ ನಂಬರಿನ ಮಾದರಿ ಯಾವುದು, ಯಾವ ವರ್ಷದ್ದು ಎಂದು ತಿಳಿಯುತ್ತದೆ. ರೇಂಜ್‌ಫೈಂಡರ್ ಇಲ್ಲದ ಮಾದರಿಯ ನಂಬರು ರೇಂಜ್‌ಫೈಂಡರ್ ಇರುವ ಕ್ಯಾಮೆರಾದ ಮೇಲಿದ್ದರೆ ಅನುಮಾನಪಡಬೇಕು. ಆದರೆ ಹಳೆಯ ಕ್ಯಾಮೆರಾವನ್ನು ಲೈಟ್ಸ್ ಕಂಪನಿಯೇ ಹೊಸ ಮಾದರಿಗೆ ಬದಲಿಸಿಕೊಡುತ್ತಿದ್ದುದರಿಂದ, ನಂಬರೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಚೀಲದ ತಳದಲ್ಲಿ ಬಿದ್ದಿರುವ ಬಿಡಿ ಸಾಮಾನನ್ನೂ ಎಸೆಯಬಾರದು. ತಂತಿ ಕಳಿಸಿ ಸರಕು ತರಿಸುವ ಕಾಲದಲ್ಲಿ ಲೈಟ್ಸ್ ಪ್ರತಿ ವಸ್ತುವಿಗೂ ಐದಕ್ಷರದ ಸಂಕೇತನಾಮ ಇಟ್ಟಿತ್ತು. ಎಲ್ಮಾರ್ ಲೆನ್ಸಿನ ಮುಂದೆ ನೆರಳಿಗೆ ಹಾಕುವ ಕೊಳವೆ ‘ಫಿಸಾನ್’, ಬೇರೆ ಬೇರೆ ಲೆನ್ಸುಗಳಿಗೆ ಒಗ್ಗುವ ವ್ಯೂಫೈಂಡರ್ ‘ವಿಡೊಮ್’, ಹಿತ್ತಾಳೆಯ ಫಿಲಂ ಡಬ್ಬಿ ‘ಫಿಲ್ಕಾ’. ಸಂಗ್ರಾಹಕರು ಇವನ್ನು ಬಿಡಿಯಾಗಿಯೂ ಕೊಳ್ಳುತ್ತಾರೆ. ಯುದ್ಧಪೂರ್ವದ ಫೆಡ್ ಸಿಕ್ಕರೆ ಅದರ ಲೆನ್ಸನ್ನು ಬೇರೆ ಕ್ಯಾಮೆರಾಕ್ಕೆ ಹಾಕಬಾರದು. ಆಗ ಪ್ರತಿ ಲೆನ್ಸನ್ನೂ ಅದರದೇ ಕ್ಯಾಮೆರಾಕ್ಕೆ ಕೈಯಿಂದ ಹೊಂದಿಸುತ್ತಿದ್ದುದರಿಂದ ಜೋಡಿ ಮುರಿದರೆ ಫೋಕಸ್ ಕೆಡುತ್ತದೆ.

ಬೆಲೆ ಕಟ್ಟುವಾಗ ಮಾದರಿಯ ಜೊತೆಗೆ ಸ್ಥಿತಿಯನ್ನೂ ನೋಡುತ್ತಾರೆ: ಷಟರಿನ ಬಟ್ಟೆಯಲ್ಲಿ ತೂತಿದೆಯೇ, ಲೆನ್ಸಿನೊಳಗೆ ಬೂಷ್ಟು ಹಿಡಿದಿದೆಯೇ ಎಂದು. ಮುಂಬಯಿ, ಚೆನ್ನೈನ ತೇವದ ಗಾಳಿಯಲ್ಲಿ ಬೂಷ್ಟು ಬಲು ಬೇಗ ಬರುತ್ತದೆ. ಚಂದ ಕಾಣಲೆಂದು ಲೋಹ ಉಜ್ಜಿ ಹೊಳಪು ತಂದರೆ ಬೆಲೆ ಇಳಿಯುತ್ತದೆ. ಗುರುತು ಹಿಡಿಯುವ ಸುಳಿವುಗಳೂ ಅಳಿಯುತ್ತವೆ.

ಲೈಕಾ ಹೆಸರು ಹೊತ್ತ ಫೆಡ್‌ಗೆ ಲೈಕಾದ ಬೆಲೆ ಬರುವುದಿಲ್ಲ. ಕಮ್ಯೂನಿನ ಕೆತ್ತನೆ ಉಳಿದಿದ್ದರೆ ಆರಂಭದ ಫೆಡ್‌ಗೆ ತನ್ನದೇ ಗಿರಾಕಿಗಳಿದ್ದಾರೆ. ಅದನ್ನು ಉಜ್ಜಿದವನು ಆ ಬೆಲೆಯನ್ನೂ ಕಳೆದ. ಅಷ್ಟೇ ಅಲ್ಲ, ಬೀದಿಯಿಂದ ಬಂದ ಹದಿಹರೆಯದ ಕೈಗಳು ಅಷ್ಟು ಸೂಕ್ಷ್ಮದ ಯಂತ್ರವನ್ನು ಜೋಡಿಸಿದ್ದವು ಎಂಬುದಕ್ಕೆ ಆ ಕ್ಯಾಮೆರಾದ ಮೇಲಿದ್ದ ಸಾಕ್ಷಿ ಆ ಬರಹವೊಂದೇ.