ಕೃಷ್ಣಾತೀರದ ನಾಡು ಮತ್ತು ರೋಮನ್ ನಾಣ್ಯಗಳು

ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗಗಳ ಜೊತೆಯಲ್ಲಿಯೇ ‘ದ್ರಮ್ಮ’ ಎಂಬ ನಾಣ್ಯದ ಹೆಸರೂ ಬರುತ್ತದೆ. ಗ್ರೀಕರ ‘ದ್ರಾಖ್ಮೆ’ ಎಂಬ ಪದವೇ ಹೀಗೆ ರೂಪಾಂತರ ಹೊಂದಿ ನಮ್ಮ ನುಡಿಯಲ್ಲಿ ನೆಲೆಸಿತೆಂಬುದು ವಿದ್ವಾಂಸರ ಒಮ್ಮತದ ಅಭಿಪ್ರಾಯ. ಸಂಸ್ಕೃತ ಗ್ರಂಥಗಳ ಹಾಗೂ ಗುಪ್ತರ ಶಾಸನಗಳ ‘ದೀನಾರ’ವು ರೋಮನರ ‘ದೆನಾರಿಯಸ್’ ಎಂಬುದರಿಂದ ಬಂದಿತು. ರೋಮಿನಲ್ಲಿ ಬೆಳ್ಳಿಯಾಗಿದ್ದ ಈ ನಾಣ್ಯದ ಹೆಸರು ಭಾರತದಲ್ಲಿ ಚಿನ್ನದ ನಾಣ್ಯಕ್ಕೆ ಅಂಟಿಕೊಂಡಿತು! ಹೆಸರು ಹೀಗೆ ಊರೂರು ಅಲೆಯುವಾಗ ನಾಣ್ಯಗಳೂ ಅಲೆದಿರಲೇಬೇಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ಒಳಗೊಂಡ ಕೃಷ್ಣಾ-ಘಟಪ್ರಭಾ ತೀರದ ನಾಡಿಗೂ ಈ ಅಲೆದಾಟಕ್ಕೂ ಏನು ಸಂಬಂಧ, ಇಲ್ಲಿಯ ಮನೆಗಳಲ್ಲಿ ‘ರೋಮನ್ ನಾಣ್ಯ’ವೆಂದು ತೋರಿಸಲಾಗುವ ವಸ್ತುಗಳನ್ನು ಪರೀಕ್ಷಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಕ್ರಿಸ್ತಶಕದ ಆರಂಭದ ವೇಳೆಗೆ ಮುಂಗಾರು ಗಾಳಿಯ ನೆರವಿನಿಂದ ಕೆಂಪು ಸಮುದ್ರದ ಹಡಗುಗಳು ನೇರವಾಗಿ ಭಾರತದ ಪಶ್ಚಿಮ ಕರಾವಳಿಗೆ ಬರತೊಡಗಿದ್ದವು. ಮೆಣಸು, ಮುತ್ತು, ರತ್ನ, ಅರಿವೆಗಳನ್ನು ಕೊಂಡೊಯ್ಯಲು ಬಂದವರು ಪ್ರತಿಯಾಗಿ ಹೆಚ್ಚಾಗಿ ಕೊಟ್ಟುದು ನಾಣ್ಯಗಳನ್ನೇ. ಹೆಂಗಸರ ಒಡವೆಗಾಗಿ ನಾಡಿನ ಹಣ ಪರದೇಶಗಳ ಪಾಲಾಗುತ್ತಿದೆಯೆಂದು ಚಕ್ರವರ್ತಿ ಟೈಬೀರಿಯಸನು ಕ್ರಿ.ಶ. 22ರಲ್ಲಿ ಸೆನೇಟಿಗೆ ಬರೆದನು. ಭಾರತವೊಂದೇ ವರುಷಕ್ಕೆ ಐದು ಕೋಟಿ ಸೆಸ್ಟರ್ಸುಗಳನ್ನು ಸೆಳೆದುಕೊಳ್ಳುತ್ತದೆಂದು ಪ್ಲಿನಿಯು ಮುಂದೆ ಹಲುಬಿದನು. ನಾಲ್ಕು ಸೆಸ್ಟರ್ಸಿಗೆ ಒಂದು ದೆನಾರಿಯಸ್. ಅಂದರೆ ಒಂದೂಕಾಲು ಕೋಟಿ ಬೆಳ್ಳಿಯ ನಾಣ್ಯಗಳಾದವು. ನೀತಿ ಹೇಳುವವನ ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದೀತು. ಆದರೆ ದಕ್ಷಿಣ ಭಾರತದ ನೆಲದೊಳಗಿನ ಗಡಿಗೆಗಳು ಅವನ ಮಾತನ್ನು ಪೂರ್ತಿ ಸುಳ್ಳಾಗಗೊಡುವುದಿಲ್ಲ.

ಕರ್ನಾಟಕದಲ್ಲಿ ಇಂಥ ನಿಧಿಗಳಲ್ಲಿ ಪ್ರಸಿದ್ಧವಾದುವು ಬೆಂಗಳೂರಿನ ಸುತ್ತಣವು. 1891ರಲ್ಲಿ ಯಶವಂತಪುರದ ಬಳಿ 163 ಬೆಳ್ಳಿಯ ನಾಣ್ಯಗಳು ದೊರೆತವು. 1965ರಲ್ಲಿ ಹಿಂದೂಸ್ತಾನ ಏರೋನಾಟಿಕ್ಸ್ ಪ್ರದೇಶದಲ್ಲಿ 256 ದೆನಾರಿಗಳು ಸಿಕ್ಕವು. ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನ ನಿಧಿ ಬೇರೆಯೇ ಕಾಲದ್ದು. ಅಲ್ಲಿಯ ನಲವತ್ತಕ್ಕೂ ಹೆಚ್ಚಿನ ಚಿನ್ನದ ನಾಣ್ಯಗಳಲ್ಲಿ ಸೆಪ್ಟಿಮಿಯಸ್ ಸೆವೆರಸನಿಂದ ಹಿಡಿದು ಆರನೆಯ ಶತಮಾನದ ಜಸ್ಟಿನಿಯನ್ನನವರೆಗಿನ ಮುದ್ರೆಗಳಿವೆ; ಅಷ್ಟು ಹೊತ್ತಿಗೆ ರೋಮಿನ ಗದ್ದುಗೆಯೇ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗಿತ್ತು.

ಸಂಖ್ಯೆಯಲ್ಲಿ ಇವುಗಳ ಮುಂದೆ ಏನೂ ಅಲ್ಲದ ಚಿತ್ರದುರ್ಗದ ಚಂದ್ರವಳ್ಳಿಯ ನಾಣ್ಯಗಳು ಇತಿಹಾಸಕಾರನಿಗೆ ಇವೆಲ್ಲವುಗಳಿಗಿಂತ ಹೆಚ್ಚಿನವು. ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆದ ಈ ನೆಲೆಯಲ್ಲಿ ಅಗಸ್ಟಸ್, ಟೈಬೀರಿಯಸರ ದೆನಾರಿಗಳು ಕಂಡುಬಂದಿವೆ; ಅಲ್ಲಿಯ ನೆಲೆವಾಸದಲ್ಲಿ ಸಾತವಾಹನ ಕಾಲದ ಸೀಸದ ನಾಣ್ಯಗಳೂ ಇದ್ದವು. ಸಾತವಾಹನರ ನಾಣ್ಯದಲ್ಲಿ ವರ್ಷದ ಸೂಚನೆ ಇಲ್ಲ. ರೋಮನರ ಅರಸನ ಕಾಲ ಖಚಿತವಾಗಿ ಗೊತ್ತಿದೆ. ಗೊತ್ತಿದ್ದುದರಿಂದ ಗೊತ್ತಿಲ್ಲದುದನ್ನು ಅಳೆಯಲು ವ್ಹೀಲರ್ ಅವರಿಗೆ ಸಾಧ್ಯವಾಯಿತು. ಆದರೂ ಇಲ್ಲಿ ಒಂದು ಎಚ್ಚರ ಬೇಕು. ನಾಣ್ಯವು ತಾನಿರುವ ಮಣ್ಣಿನ ಪದರ ಇಂಥ ವರ್ಷಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಲ್ಲುದು. ಕೈಯಿಂದ ಕೈಗೆ ಸವೆದು ನೂರು ವರ್ಷ ತಡವಾಗಿಯೂ ಅದು ಮಣ್ಣು ಸೇರಿರಬಹುದು. ವ್ಹೀಲರ್ ಅವರು ಬೃಹತ್ ಶಿಲಾಗೋರಿಗಳಿಗೆ ಕೊಟ್ಟ ಕ್ರಿ.ಪೂ. ಎರಡನೆಯ ಶತಮಾನದ ಆರಂಭಕಾಲ ಮುಂದಿನ ಸಂಶೋಧನೆಗಳಲ್ಲಿ ನಿಲ್ಲಲಿಲ್ಲ. ಆ ಸಂಸ್ಕೃತಿ ಅದಕ್ಕಿಂತ ಬಹು ಹಿಂದಿನದೆಂದು ಈಗ ಸ್ಥಿರಪಟ್ಟಿದೆ.

ಇನ್ನು ಜಮಖಂಡಿಯ ಸೀಮೆಯ ಮಾತು. ಈ ನಾಡಿಗೆ ಕೃಷ್ಣೆಯೊಡನೆ ಕೂಡಿ ಹರಿದುಬರುವ ಪಂಚಗಂಗೆಯ ದಂಡೆಯಲ್ಲಿ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬವಿದೆ. 1945-46ರಲ್ಲಿ ಸಾಂಕಳಿಯಾ ಮತ್ತು ದೀಕ್ಷಿತರು ಅಲ್ಲಿ ಉತ್ಖನನ ನಡೆಸಿದರು. ರೋಮನ್ ಜಗತ್ತಿನಿಂದ ಬಂದ ಕಂಚಿನ ಪಾತ್ರೆಗಳೂ ಸಮುದ್ರದೇವತೆ ಪೊಸೈಡನ್ನನ ಪುಟ್ಟ ಕಂಚಿನ ವಿಗ್ರಹವೂ ಆ ದಿಬ್ಬದ ಪ್ರಸಿದ್ಧ ವಸ್ತುಗಳು. ಬಿಲ್ಲು-ಬಾಣದ ಗುರುತುಳ್ಳ ವಿಳಿವಾಯಕುರನ ನಾಣ್ಯಗಳು ದೊರೆಯುವುದೂ ಕೊಲ್ಹಾಪುರದಲ್ಲಿಯೇ. ಎರಡನೆಯ ಶತಮಾನದ ಟಾಲೆಮಿಯು ಹಿಪ್ಪೊಕೌರದ ಅರಸನೆಂದು ಹೇಳುವ ‘ಬಲೆಯೊಕೌರೊಸ್’ ಇವನೇ ಎಂಬ ಊಹೆ ಬಲವಾದುದು. ಏಕೆಂದರೆ ಅದಕ್ಕೆ ಹೆಸರಿನ ಜೊತೆಗೆ ನಾಣ್ಯದ ಬೆಂಬಲವಿದೆ.

ಟಾಲೆಮಿಯ ಉಳಿದ ಊರುಗಳ ಬಗೆಗೆ ಇದೇ ಮಾತನ್ನು ಹೇಳಲಾಗದು. ‘ಬದಿಯಮೈಒಯ್’ ಬಾದಾಮಿ, ‘ಇಂದೆ’ ಇಂಡಿ, ‘ಪೆತಿರ್ಗಲ’ ಪಟ್ಟದಕಲ್ಲು, ‘ಮೊದೊಗೌಲ್ಲ’ ಮುದಗಲ್ಲು ಎಂದು ಗುರುತಿಸುವುದು ವಾಡಿಕೆಯಾಗಿದೆ. ಆದರೆ ಎಂಟನೆಯ ಶತಮಾನದ ಶಾಸನಗಳಲ್ಲಿಯೂ ಪಟ್ಟದಕಲ್ಲಿನ ಹೆಸರು ಕಿಸುವೊಳಲ್. ‘ಪಟ್ಟದ’ ಎಂಬುದು ಆಮೇಲೆ ಸೇರಿದ ವಿಶೇಷಣ. ಎರಡನೆಯ ಶತಮಾನದ ಗ್ರೀಕನಿಗೆ ಮುಂದೆ ಬರಲಿದ್ದ ಹೆಸರು ಹೇಗೆ ತಿಳಿಯಿತು? ಮುಧೋಳದ ಅಭಿಮಾನಿಗಳು ‘ಮೊದೊಗೌಲ್ಲ’ವನ್ನು ರನ್ನನ ಊರಾದ ಮುದುವೊಳಲಿಗೆ ಎಳೆಯಬಹುದು, ನಡುವಣ ಗಕಾರ ಅದಕ್ಕೆ ಒಪ್ಪುವುದಿಲ್ಲ, ಮುದಗಲ್ಲಿಗೇ ಹೆಚ್ಚು ಹೊಂದುತ್ತದೆ. ಬರಿಯ ನಾದಸಾಮ್ಯದ ಮೇಲೆ ಊರಿನ ಪ್ರಾಚೀನತೆಯನ್ನು ಕಟ್ಟುವುದಕ್ಕಿಂತ ಆ ಊರಿನ ನೆಲದಲ್ಲಿ ಸಿಕ್ಕ ಒಂದು ಸವೆದ ನಾಣ್ಯ ಮೇಲು.

ಅಂಥ ನಾಣ್ಯವನ್ನು ಗುರುತಿಸುವುದು ಹೇಗೆ? ಭಾರತದಲ್ಲಿ ಅತಿ ಹೆಚ್ಚಾಗಿ ದೊರೆಯುವ ಬೆಳ್ಳಿಯ ಮಾದರಿಗಳು ಎರಡೇ. ಅಗಸ್ಟಸನದು ಮೊದಲನೆಯದು: ಮುಂಭಾಗದಲ್ಲಿ ಎಲೆಗಳ ಮಾಲೆ ಧರಿಸಿದ ಅರಸನ ತಲೆ, ಹಿಂಭಾಗದಲ್ಲಿ ಗುರಾಣಿ-ಈಟಿಗಳ ನಡುವೆ ನಿಂತ ಇಬ್ಬರು ತರುಣರು. ಇವರು ಅವನ ದತ್ತುಮಕ್ಕಳಾದ ಗೇಯಸ್ ಮತ್ತು ಲೂಸಿಯಸ್. ಇಬ್ಬರೂ ಪಟ್ಟವೇರುವ ಮೊದಲೇ ಕ್ರಿ.ಶ. 4ರೊಳಗಾಗಿ ತೀರಿಕೊಂಡರು, ಆಳದೆ ಹೋದ ಈ ಹುಡುಗರ ಮೂರ್ತಿ ಮಾತ್ರ ದಖ್ಖನ್ನಿನ ವ್ಯಾಪಾರಿಗಳ ಕೈಯಲ್ಲಿ ದಶಕಗಳ ಕಾಲ ಓಡಾಡಿತು. ಎರಡನೆಯದು ಟೈಬೀರಿಯಸನದು: ಹಿಂಭಾಗದಲ್ಲಿ ಕುಳಿತ ಹೆಣ್ಣು, ಸುತ್ತ ‘ಪೊಂಟಿಫ್ ಮ್ಯಾಕ್ಸಿಮ್’, ಅಂದರೆ ಮಹಾಪುರೋಹಿತ, ಎಂಬ ಬರಹ. ಅಕ್ಷರಗಳನ್ನು ಓದುವಾಗ ಉಕಾರದ ಸ್ಥಾನದಲ್ಲಿ ವಕಾರದ ಅಕ್ಷರವನ್ನೇ ಕೊರೆಯುತ್ತಿದ್ದರೆಂಬುದನ್ನು ನೆನಪಿಡಬೇಕು. ‘ಟಿ. ಆರ್. ಪಿ.’ ಎಂಬ ಸಂಕ್ಷೇಪದ ಮುಂದೆ ಅಂಕಿಯಿದ್ದರೆ ನಾಣ್ಯದ ವರ್ಷವೇ ದೊರೆತಂತೆ. ಆ ಅಧಿಕಾರವನ್ನು ವರುಷಕ್ಕೊಮ್ಮೆ ಎಣಿಸುತ್ತಿದ್ದರು.

ತೂಕವು ಅಕ್ಷರಕ್ಕಿಂತ ನಂಬಿಗಸ್ತ ಸಾಕ್ಷಿ. ಈ ಬೆಳ್ಳಿಯ ನಾಣ್ಯಗಳು ಸವೆಯದಿದ್ದರೆ 3.8 ಗ್ರಾಮಿನ ಆಸುಪಾಸಿನಲ್ಲಿರುತ್ತವೆ. ಕ್ರಿ.ಶ. 64ರ ಹೊತ್ತಿಗೆ ನೀರೋ ಚಕ್ರವರ್ತಿಯು ತೂಕವನ್ನು ಇಳಿಸಿ ಬೆಳ್ಳಿಗೆ ಬೆರಕೆಯನ್ನೂ ಹೆಚ್ಚಿಸಿದನು. ನಮ್ಮ ನಿಧಿಗಳಲ್ಲಿ ಅದಕ್ಕೆ ಹಿಂದಿನ ಬೆಳ್ಳಿಯೇ ಹೆಚ್ಚಾಗಿರುವುದನ್ನು ನೋಡಿದರೆ ಇಲ್ಲಿಯ ವರ್ತಕರು ಒರೆಗಲ್ಲು, ತಕ್ಕಡಿಗಳನ್ನು ಸರಿಯಾಗಿ ಬಳಸಿದರೆಂದು ತಿಳಿಯುತ್ತದೆ. ಬಸವಣ್ಣನವರು ಮರ್ತ್ಯಲೋಕವನ್ನು ಕಮ್ಮಟಕ್ಕೆ ಹೋಲಿಸಿದುದು ಎಲ್ಲರಿಗೂ ಗೊತ್ತು. ರೋಮಿನ ಕಮ್ಮಟದ ಮುದ್ರೆಗೆ ಇಲ್ಲಿ ಮರ್ಯಾದೆ ಇರಲಿಲ್ಲ, ಲೋಹಕ್ಕಿತ್ತು. ಭಾರತದಲ್ಲಿ ದೊರೆತ ಎಷ್ಟೋ ಚಿನ್ನದ ನಾಣ್ಯಗಳಲ್ಲಿ ಅರಸನ ಮುಖದ ಮೇಲೆ ಉಳಿಯಿಂದ ಕಡಿದ ಗೀರು ಕಾಣುವುದು ಈ ಮಾತಿಗೆ ಸಾಕ್ಷಿ. ಇನ್ನು ಕೆಲವನ್ನು ಇಲ್ಲಿಯ ಅಕ್ಕಸಾಲಿಗರೇ ಅನುಕರಿಸಿ ಮಾಡಿದರು. ಅರ್ಥ ತಿಳಿಯದ ಕೈ ಕೊರೆದುದರಿಂದ ಅವುಗಳ ಅಕ್ಷರಗಳು ಬರಿಯ ಕಡ್ಡಿಗಳಾಗಿವೆ. ಇವನ್ನು ಖೋಟಾ ಎಂದು ಬಿಸುಡುವುದು ತಪ್ಪು. ಅವೂ ಪ್ರಾಚೀನವೇ, ಕೆಲವೊಮ್ಮೆ ಮೂಲಕ್ಕಿಂತ ಹೆಚ್ಚು ನಮ್ಮವು.

ಈ ಭಾಗದ ಮನೆಗಳಲ್ಲಿ ಅತಿ ದೊಡ್ಡ ಗೊಂದಲ ಹುಟ್ಟಿಸುವ ವಸ್ತು ಪುತಳಿ. ಅಜ್ಜಿಯರ ಪುತಳಿ ಸರದ ಬಿಲ್ಲೆಯಲ್ಲಿ ರೋಮನ್ ಲಿಪಿಯನ್ನು ಕಂಡೊಡನೆ ಅದನ್ನು ರೋಮನ್ ನಾಣ್ಯವೆಂದು ಸಾರುವವರುಂಟು. ವಾಸ್ತವವಾಗಿ ಪುತಳಿಯ ಮೂಲ ಇಟಲಿಯ ವೆನಿಸ್ ನಗರದ ಡುಕಾಟ್. ಒಂದು ಬದಿಯಲ್ಲಿ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ನಗರಾಧಿಪತಿ, ಇನ್ನೊಂದು ಬದಿಯಲ್ಲಿ ಚುಕ್ಕೆಗಳ ನಡುವೆ ನಿಂತ ಕ್ರಿಸ್ತ. ಈ ಬೊಂಬೆಗಳಿಂದಲೇ ‘ಪುತಳಿ’ ಎಂಬ ಹೆಸರು. 1284ರಲ್ಲಿ ಆರಂಭವಾಗಿ 1797ರಲ್ಲಿ ಆ ಗಣರಾಜ್ಯ ಅಳಿಯುವವರೆಗೆ ನಡೆದ ಇದರ ತೂಕ ಸುಮಾರು 3.5 ಗ್ರಾಮು. ರೋಮನರ ಮೊದಲ ಶತಮಾನದ ಚಿನ್ನದ ‘ಔರಿಯಸ್’ ಇದರ ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ, ಮುಂದಿನ ಕಾಲದ ‘ಸೊಲಿಡಸ್’ ನಾಲ್ಕೂವರೆ ಗ್ರಾಮು. ತಕ್ಕಡಿಯೊಂದರಿಂದಲೇ ತೀರುವ ವ್ಯಾಜ್ಯವಿದು. ಈಸ್ಟ್ ಇಂಡಿಯಾ ಕಂಪನಿಯ ಕೆಲವು ತಾಮ್ರದ ಕಾಸುಗಳ ಮೇಲೂ ‘ಸೆನೇಟ್’ ಪದವುಳ್ಳ ಲ್ಯಾಟಿನ್ ಬರಹವಿದೆ. ಅದು ಇಂಗ್ಲೆಂಡಿನ ಪಾರ್ಲಿಮೆಂಟು, ರೋಮಿನ ಸೆನೇಟಲ್ಲ.

ನಿಜವಾದ ನಾಣ್ಯ ಸಿಕ್ಕಾಗ ಅದರ ಗತಿ ಏನಾಗುತ್ತದೆಂಬುದೇ ಚಿಂತೆಯ ವಿಷಯ. ಹಿಂದೆ ಈ ಸೀಮೆ ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ಬ್ರಿಟಿಷರ ವಿಜಾಪುರ ಜಿಲ್ಲೆ ಎಂದು ಹಂಚಿಹೋಗಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಹೊಲದಲ್ಲಿ ದೊರೆತುದರ ವರದಿ ಒಂದೇ ಕಡೆ ಸೇರಲು ಇಂಥ ಹಂಚಿಕೆ ಅನುಕೂಲವಾಗಿರಲಾರದು. ಪತ್ತಾರನ ಮೂಸೆಯಂತೂ ಹತ್ತಿರವೇ ಇತ್ತು. ಹಾಳೂರುಗಳ ಬೂದಿಮಣ್ಣನ್ನು ಹೊಲಕ್ಕೆ ಗೊಬ್ಬರವಾಗಿ ಹೇರುವ ರೂಢಿಯಿಂದ ದಿಬ್ಬಗಳು ಕರಗಿದವು. ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಊರುಗಳನ್ನು ಮುಳುಗಿಸಿದಾಗ ಮನೆಗಳಿಗೆ ಪರಿಹಾರದ ಲೆಕ್ಕವಾಯಿತು. ಮನೆಗಳ ಕೆಳಗಿನ ಮಣ್ಣಿನ ಪದರಗಳಿಗೆ ಅಂಥ ಲೆಕ್ಕ ಎಲ್ಲಿಂದ ಬರಬೇಕು?

ನೂರು ವರ್ಷ ಮೀರಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಾಚೆಗೆ ಸಾಗಿಸುವಂತಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ವಿಧಿ 1878ರ ಕಾಯಿದೆಯಿಂದಲೂ ಇದೆ. ಕಾಯಿದೆ ತಲುಪುವ ಮೊದಲು ಮಾಡಬಹುದಾದ ಕೆಲಸ ಚಿಕ್ಕದು. ನಾಣ್ಯವನ್ನು ಹುಣಿಸೆಹಣ್ಣಿನಿಂದಾಗಲಿ ಬೂದಿಯಿಂದಾಗಲಿ ತಿಕ್ಕಬಾರದು. ತಿಕ್ಕಿದರೆ ಮೊದಲು ಅಳಿಯುವುವು ಅಕ್ಷರಗಳೇ. ಗಡಿಗೆಯ ಬೋಕಿಯನ್ನು ಎಸೆಯಬಾರದು. ಯಾವ ಹೊಲ, ಎಷ್ಟು ಆಳ, ಜೊತೆಯಲ್ಲಿ ಏನಿತ್ತು ಎಂಬುದನ್ನು ಅಂದೇ ಬರೆದಿಡಬೇಕು. ಎರಡು ಬದಿಯ ಚಿತ್ರ, ತೂಕ, ಅಗಲಗಳಿದ್ದರೆ ಸಾಕು, ಉಳಿದುದನ್ನು ಬಲ್ಲವರು ಎಲ್ಲಿ ಕುಳಿತಾದರೂ ಓದಬಲ್ಲರು. ಸರಕ್ಕೆ ಪೋಣಿಸಲು ಮಾಡಿದ ರಂಧ್ರವನ್ನು ದೋಷವೆಂದು ಮುಚ್ಚಿಸುವುದಂತೂ ಸಲ್ಲದು. ಅಕ್ಕಿಆಲೂರಿನ ನಾಣ್ಯಗಳಲ್ಲಿ ಅರಸನ ತಲೆಯ ಮೇಲ್ಭಾಗದಲ್ಲಿ ಕೊರೆದ ಜೋಡಿ ರಂಧ್ರಗಳಿವೆ. ದಾರದಲ್ಲಿ ತೂಗಿದಾಗ ಮುಖ ನೆಟ್ಟಗೆ ಕಾಣಲೆಂದು ಯಾರೋ ಅಳತೆ ನೋಡಿ ಕೊರೆದಿದ್ದಾರೆ.