ಪತ್ರಿಕೆ ಎಂಬ ಪುಟ್ಟ ಓಲೆ

ಯಲಹಂಕದ ಆಸುಪಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ, ಮೂರು ತಿಂಗಳಿಗೊಮ್ಮೆ ನಾಲ್ಕು ಪುಟದ ಒಂದು ಸುದ್ದಿಹಾಳೆಯನ್ನು ಹೊರತರಲು ನಿಶ್ಚಯಿಸಿದ್ದಾರೆ. ಯಾರು ಎಲ್ಲಿದ್ದಾರೆ, ಯಾರ ಮನೆಯಲ್ಲಿ ಮದುವೆ, ಯಾವ ಮೇಷ್ಟರು ತೀರಿಕೊಂಡರು ಎಂಬಿಷ್ಟೇ ಅದರ ವಿಷಯ. ಕರಡನ್ನು ನನಗೆ ತೋರಿಸಿದಾಗ ತಲೆಬರಹದ ಕೆಳಗೆ 'ನ್ಯೂಸ್‌ಲೆಟರ್' ಎಂದು ಕನ್ನಡ ಲಿಪಿಯಲ್ಲಿ ಬರೆದಿತ್ತು. "ಇದಕ್ಕೆ ಕನ್ನಡದಲ್ಲಿ ಪದ ಎಲ್ಲಿದೆ ಸಾರ್?" ಎಂದು ಕೇಳಿದರು. ಇದೆ, ಅದೂ ದಿನನಿತ್ಯ ಬಳಸುತ್ತಿರುವ ಪದವೇ ಎಂದೆ. ಅಲ್ಲಿ ಹೇಳಲು ಸಮಯ ಸಾಲಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

'ಪತ್ರ' ಎಂದರೆ ಮೊದಲು ಎಲೆ, ಆಮೇಲೆ ಎಲೆಯ ಮೇಲೆ ಬರೆದದ್ದು, ಆಮೇಲೆ ಓಲೆ. 'ಪತ್ರಿಕೆ' ಎಂದರೆ ಚಿಕ್ಕ ಪತ್ರ. ಲಗ್ನಪತ್ರಿಕೆ, ಜನ್ಮಪತ್ರಿಕೆ, ಆಹ್ವಾನ ಪತ್ರಿಕೆ ಎಂಬ ಮಾತುಗಳಲ್ಲಿ ಆ ಅರ್ಥ ಇಂದಿಗೂ ಮಾಸಿಲ್ಲ. ಪ್ರಶ್ನೆಪತ್ರಿಕೆಯಲ್ಲಿಯೂ ಅದೇ ಪದವಿದೆ. ನಿಮ್ಮಲ್ಲಿ ಅನೇಕರಿಗೆ ಪತ್ರಿಕೆಯೆಂದರೆ ಮೊದಲು ನೆನಪಾಗುವುದು ಅದೇ ಇರಬೇಕು! ಹೀಗಿರುವಾಗ ಸಮಾಚಾರವನ್ನು ಹೊತ್ತ ಚಿಕ್ಕ ಪತ್ರಕ್ಕೆ 'ಪತ್ರಿಕೆ' ಎಂಬುದಕ್ಕಿಂತ ಒಪ್ಪುವ ಹೆಸರಾವುದು? ಇಂಗ್ಲಿಷಿನವರು ಸುದ್ದಿಯ ಓಲೆಗೂ ಸುದ್ದಿಯ ಕಾಗದಕ್ಕೂ ಬೇರೆ ಬೇರೆ ಪದ ಮಾಡಿಕೊಂಡರು. ನಮ್ಮ ಹಳೇ ಮೈಸೂರಿನ ಕಡೆ ಓಲೆಯನ್ನೂ ಕಾಗದವೆಂದೇ ಕರೆಯುವುದರಿಂದ ನಮಗೆ ಆ ಭೇದ ಅಷ್ಟಾಗಿ ಬೇಕಾಗಲಿಲ್ಲವೆಂದು ತೋರುತ್ತದೆ.

ಚರಿತ್ರೆಯಲ್ಲಿಯೂ ಓಲೆಯೇ ಹಿರಿಯದು. ಅಚ್ಚಾದ ವೃತ್ತಪತ್ರಿಕೆ ಬರುವ ಮೊದಲೇ ವೆನಿಸ್ ನಗರದಲ್ಲಿ ಕೈಬರಹದ ಸುದ್ದಿಹಾಳೆಗಳು ಓಡಾಡುತ್ತಿದ್ದವು. ನಮ್ಮ ದೇಶದಲ್ಲಿ ಮೊಗಲ್ ದರ್ಬಾರಿನ ಸಮಾಚಾರವನ್ನು ಬರೆದು ಕಳುಹಿಸಲೆಂದೇ ಲೇಖಕರಿದ್ದರು.

ಇನ್ನು ಕನ್ನಡದ ಮೊದಲ ಪತ್ರಿಕೆಯ ವಿಷಯ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಆ ದಿನವನ್ನೇ ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ಪತ್ರಿಕೆಯ ಗಾತ್ರ ನಾಲ್ಕು ಪುಟ, ಬರುತ್ತಿದ್ದುದು ಪಕ್ಷಕ್ಕೊಮ್ಮೆ, ಮುದ್ರಣ ಕಲ್ಲಚ್ಚಿನಲ್ಲಿ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯದ ಸುದ್ದಿ, ಗಾದೆ, ಹಾಡು, ಕಥೆ ಎಲ್ಲವೂ ಅಷ್ಟರಲ್ಲಿಯೇ ಅಡಗಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ, ಅಚ್ಚುಮೊಳೆಗಳಲ್ಲಿ ಮುದ್ರಣಗೊಂಡು 'ಕನ್ನಡ ಸಮಾಚಾರ'ವಾಯಿತು. ನಾಲ್ಕು ಪುಟದ ಅಂಥದೇ ಹಾಳೆ ಈಗ ಯಾವುದಾದರೂ ಬಡಾವಣೆಯ ಸಂಘದಿಂದ ಬಂದರೆ ನಾವು ಅದನ್ನು ನ್ಯೂಸ್‌ಲೆಟರ್ ಎಂದುಬಿಡುತ್ತೇವೆ. ಮೋಗ್ಲಿಂಗರು ಪರದೇಶದಿಂದ ಬಂದವರು. ಆದರೂ ಅವರು ಆರಿಸಿದ್ದು ಜನರ ಬಾಯಲ್ಲಿದ್ದ ಮಾತನ್ನು. "ಏನು ಸಮಾಚಾರ?" ಎಂದು ಕೇಳದೆ ಯಾವ ಅತಿಥಿಯನ್ನು ನಾವು ಕೂರಿಸುತ್ತೇವೆ?

ಅನಂತರದವರು ಹೆಸರನ್ನು ಸ್ವಲ್ಪ ಗಂಭೀರ ಮಾಡಿದರು. ಭಾಷ್ಯಂ ಭಾಷ್ಯಾಚಾರ್ಯರು 1859ರಲ್ಲಿ ಮೈಸೂರಿನಲ್ಲಿ ತಂದ ವಾರಪತ್ರಿಕೆ 'ಮೈಸೂರು ವೃತ್ತಾಂತ ಬೋಧಿನಿ'. ಸುದ್ದಿ ತಿಳಿಸಿದರೆ ಸಾಲದು, ಬೋಧಿಸಲೂ ಬೇಕೆಂಬ ಹಂಬಲ ಆ ಹೆಸರಿನಲ್ಲಿದೆ. ಮೇಷ್ಟರಾದ ನನಗೆ ಅದು ತಪ್ಪೆನಿಸುವುದಿಲ್ಲ. 'ವೃತ್ತ' ಎಂದರೆ ನಡೆದದ್ದು. ಡಿ.ವಿ.ಜಿ.ಯವರು ಪತ್ರಿಕಾವೃತ್ತಿಯನ್ನು ಕುರಿತು ಬರೆದ ಪುಸ್ತಕದ ಹೆಸರೂ 'ವೃತ್ತಪತ್ರಿಕೆ'ಯೇ. ತರಗತಿಯಲ್ಲಿ ಈ ಪದ ಬಂದಾಗಲೆಲ್ಲ ಹುಡುಗರು ಗಣಿತದ ಮೇಷ್ಟರನ್ನು ನೆನೆದು, ಪತ್ರಿಕೆ ದುಂಡಗಿರುತ್ತದೆಯೇ ಎಂದು ನಗುತ್ತಿದ್ದರು.

ಸಂಚಿಕೆ ಎಂಬ ಪದ ನನಗೆ ಬಹಳ ಪ್ರಿಯ. ಸಂಚಯ ಮಾಡಿದ್ದು, ಕೂಡಿಟ್ಟದ್ದು, ಅದೇ ಸಂಚಿಕೆ. ಮ್ಯಾಗಜೀನ್ ಎಂಬ ಮಾತಿನ ಮೂಲವೂ ಉಗ್ರಾಣ ಎಂಬರ್ಥದ ಅರಬ್ಬೀ ಪದವೇ. ಲಂಡನ್ನಿನಲ್ಲಿ 1731ರಲ್ಲಿ 'ಜಂಟಲ್‌ಮನ್ಸ್ ಮ್ಯಾಗಜೀನ್' ಹೊರಟಾಗ ಆ ಮಾತು ನಿಯತಕಾಲಿಕಗಳಿಗೆ ಅಂಟಿಕೊಂಡಿತು. ಎರಡು ನುಡಿಗಳೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಕಣಜದ ಮುಂದೆ ನಿಂತಿವೆ. ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿದರೆ ಸಂಪುಟ, ಅಂದರೆ ಭರಣಿ. ಮಂತ್ರಿಗಳನ್ನೂ ನಾವು ಸಂಪುಟದಲ್ಲಿಯೇ ಇಟ್ಟಿದ್ದೇವೆ, ಅದು ಬೇರೆ ಮಾತು. ಗೆಜೆಟ್ ಎಂಬುದು ವೆನಿಸ್ಸಿನ ಒಂದು ಸಣ್ಣ ನಾಣ್ಯದ ಹೆಸರಿನಿಂದ ಬಂದದ್ದೆಂದು ನಿಘಂಟುಗಳು ಹೇಳುತ್ತವೆ. ಮಂಗಳೂರಿನ ಒಂದು ದುಡ್ಡನ್ನು ನೆನೆದುಕೊಳ್ಳಿ. ನಮ್ಮ ಸರಕಾರ ಅದನ್ನು 'ರಾಜ್ಯಪತ್ರ'ವೆನ್ನುತ್ತದೆ. ಅಲ್ಲಿಯೂ ಪತ್ರವೇ.

ಕಾಲವನ್ನು ಹೇಳುವುದರಲ್ಲಂತೂ ಕನ್ನಡ ಕೊಂಚವೂ ತಡವರಿಸುವುದಿಲ್ಲ. ಇಂಗ್ಲಿಷಿನಲ್ಲಿ 'ಬೈಮಂತ್ಲಿ' ಎಂದರೆ ತಿಂಗಳಿಗೆರಡೋ, ಎರಡು ತಿಂಗಳಿಗೊಂದೋ ತಿಳಿಯದೆ ಚಂದಾದಾರ ತಲೆ ಕೆರೆದುಕೊಳ್ಳಬೇಕು. ನಮ್ಮಲ್ಲಿ ಪಾಕ್ಷಿಕ ಬೇರೆ, ದ್ವೈಮಾಸಿಕ ಬೇರೆ. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಆರಂಭಿಸಿದ 'ಪ್ರಬುದ್ಧ ಕರ್ಣಾಟಕ' ತ್ರೈಮಾಸಿಕ. 1978ರಲ್ಲಿ ಹುಟ್ಟಿದ 'ಬಾಲವಿಜ್ಞಾನ' ಮಾಸಪತ್ರಿಕೆ. ನಮ್ಮ ಯಶವಂತಪುರದ ಮಗ್ಗುಲಿನಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಅನೇಕ ವರ್ಷ ಅದರ ವಿಳಾಸವಾಗಿತ್ತು.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವುಂಟು. ನಮ್ಮ ಶಾಲೆಯ ಗೋಡೆಪತ್ರಿಕೆಯನ್ನು ನೀವು ಮರೆತಿರಲಾರಿರಿ. ಹೊಸದನ್ನು ಅಂಟಿಸುವಾಗ ಹಳೆಯದನ್ನು ಕಿತ್ತುಹಾಕುವುದು ಅದರ ಸ್ವಭಾವ. ಇಂದು ಒಂದು ಹಾಳೆಯೂ ಉಳಿದಿಲ್ಲ. ನಿಮ್ಮಲ್ಲಿ ಯಾರು ಮೊದಲ ಕವಿತೆ ಬರೆದರು, ಯಾರು ಚಿತ್ರ ಬಿಡಿಸಿದರು ಎಂಬುದು ನನ್ನಂಥವರ ನೆನಪಿನಲ್ಲಿದೆ, ಅಷ್ಟೆ. ಅದಕ್ಕೇ ಹುಡುಗರಿಗೆ ಹೇಳಿದ್ದೇನೆ: ನಾಲ್ಕೇ ಪುಟವಾದರೂ ತಲೆಬರಹದ ಕೆಳಗೆ 'ತ್ರೈಮಾಸಿಕ ಪತ್ರಿಕೆ, ಸಂಪುಟ 1, ಸಂಚಿಕೆ 1' ಎಂದು ಅಚ್ಚು ಹಾಕಿಸಿ, ತಿಂಗಳು ಮತ್ತು ವರ್ಷವನ್ನು ಬಿಡಬೇಡಿ, ಪ್ರತಿಯೊಂದರ ಎರಡು ಪ್ರತಿಗಳನ್ನು ಶಾಲೆಯ ಗ್ರಂಥಾಲಯದಲ್ಲಿ ಇರಿಸಿ. 'ನ್ಯೂಸ್‌ಲೆಟರ್' ಹೋಯಿತು, 'ಪತ್ರಿಕೆ' ಬಂತು. ಚಂದಾ ಎಷ್ಟೆಂಬುದರಲ್ಲಿ ಮಾತ್ರ ಅವರಲ್ಲಿ ಇನ್ನೂ ಒಮ್ಮತವಾಗಿಲ್ಲ.